ಹೆಂಗಸರಿಗೆ ಅರ್ಧ ಎಲೆ

ನಮ್ಮ ರೇಷ್ಮೆ ಬೆಳೆಗಾರರ ಸಂಘದಲ್ಲಿ ಕಾರ್ಯಕಾರಿ ಸಮಿತಿ ಅಂತ ಒಂದಿದೆ. ಅದಕ್ಕೆ ಕೋರಂ ಸೇರುವುದು ಅಪರೂಪ. ಗೂಡಿನ ಬೆಲೆ ಬಿದ್ದು ಊರಿಗೆ ಊರೇ ತಲೆ ಮೇಲೆ ಕೈ ಹೊತ್ತು ಕೂತಿದ್ದ ವರ್ಷ ಅದರ ಸಭೆ ಮೂರು ಸಲ ಮುಂದಕ್ಕೆ ಹೋಯಿತು. ಆದರೆ ಅದೇ ಸಂಘದಲ್ಲಿ ಊಟೋಪಚಾರ ಉಪಸಮಿತಿ ಅಂತ ಇನ್ನೊಂದಿದೆ. ಅದಕ್ಕೆ ಸದಸ್ಯರು ಹೇಳಿದ ಹೊತ್ತಿಗಿಂತ ಮುಂಚೆ ಬರುತ್ತಾರೆ. ಸದಸ್ಯರಲ್ಲದವರೂ ಬರುತ್ತಾರೆ. ಬಂದವರು ಎದ್ದು ಹೋಗುವುದಿಲ್ಲ. ಈ ಉಪಸಮಿತಿ ಮಾಡಿದ ಒಂದು ತೀರ್ಮಾನದ ಮೇಲೆ ನನಗೆ ಸಿಟ್ಟಿದೆ. ಬಂದು ಎರಡು ವರ್ಷವಾಯಿತು, ಇನ್ನೂ ಇಳಿದಿಲ್ಲ. ಈ ವಯಸ್ಸಿನಲ್ಲಿ ಸಿಟ್ಟು ಒಳ್ಳೆಯದಲ್ಲ ಅಂತ ಡಾಕ್ಟರು ಹೇಳುತ್ತಾರೆ. ಅವರು ನಮ್ಮ ಸಂಘದ ಊಟ ಉಂಡವರಲ್ಲ.

ನಾನು ಸಂಘದ ಗೌರವ ಕಾರ್ಯದರ್ಶಿ. ಕೋಲಾರ, ಮಾಲೂರು, ಮುಳಬಾಗಿಲು ಅಂತ ಸುತ್ತಿ, ಕಡೆಯ ಹದಿನೈದು ವರ್ಷ ಶ್ರೀನಿವಾಸಪುರದ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರಾಗಿದ್ದು ನಿವೃತ್ತನಾದವನು. ಎರಡು ಎಕರೆ ಹಿಪ್ಪುನೇರಳೆ ಇದೆ. ಸಂಘದ ಅರ್ಧಕ್ಕರ್ಧ ಜನ ನನ್ನ ಮುಂದೆ ನಿಂತು ಮಗ್ಗಿ ಒಪ್ಪಿಸಿದವರು. ನನ್ನನ್ನು ಕಾರ್ಯದರ್ಶಿ ಮಾಡಿದ್ದಕ್ಕೆ ಕಾರಣ ನನ್ನ ಅಕ್ಷರ ದುಂಡಗಿದೆ ಅನ್ನುವುದೊಂದೇ. ನಡಾವಳಿ ಪುಸ್ತಕ ನೋಡಿದವರು ಒಳಗಿನ ವಿಷಯ ಮರೆತು ಅಕ್ಷರ ಹೊಗಳುತ್ತಾರೆ. ಸಂಘಕ್ಕೆ ಬೇಕಾದದ್ದೂ ಅದೇ.

ಆ ವರ್ಷ ಸರ್ವಸದಸ್ಯರ ಸಭೆ ಅವರೆಕಾಯಿ ಕಾಲದಲ್ಲಿ ಬಿತ್ತು. ಉಪಸಮಿತಿ ಅಧ್ಯಕ್ಷರ ಮನೆ ಪಡಸಾಲೆಯಲ್ಲಿ ಸೇರಿತು. ಅಧ್ಯಕ್ಷರು, ಖಜಾಂಚಿ, ನಾನು, ಮೂಲೆಯಲ್ಲಿ ಚೀಟಿ ಪೆನ್ನು ಹಿಡಿದುಕೊಂಡು ಅಡುಗೆಯವನು, ಜೊತೆಗೆ ಬರೀ ಅಭಿಪ್ರಾಯ ಹೇಳುವುದಕ್ಕೆ ಬಂದ ನಾಲ್ಕು ಜನ. ಮುದ್ದೆ, ಹಿತಕಿದ ಬೇಳೆ ಸಾರು, ಅನ್ನ, ಮಜ್ಜಿಗೆ, ಇಷ್ಟಕ್ಕೆ ಯಾರದೂ ತಕರಾರಿರಲಿಲ್ಲ. ಬಿಕ್ಕಟ್ಟು ಬಂದದ್ದು ಪಾಯಸದಲ್ಲಿ. ಶಾವಿಗೆಯೋ, ಹೆಸರುಬೇಳೆಯೋ?

ಇದರ ಚರ್ಚೆ ಹತ್ತೂವರೆಗೆ ಶುರುವಾಗಿ ಒಂದೂಕಾಲಿಗೆ ಮುಗಿಯಿತು. ಶಾವಿಗೆ ಪಾಯಸ ಆರಿದರೆ ಗಟ್ಟಿಯಾಗಿ ಸೌಟಿಗೆ ಬರುವುದಿಲ್ಲ ಅಂತ ಖಜಾಂಚಿ. ಹೆಸರುಬೇಳೆ ಪಾಯಸ ತಿಥಿ ಊಟದ ಹಾಗೆ ಕಾಣುತ್ತದೆ ಅಂತ ಅಧ್ಯಕ್ಷರು. ಹೋದ ಸಲ ಬಂದಿದ್ದ ಸಾಹೇಬರೊಬ್ಬರು ಶಾವಿಗೆಯನ್ನು ಎರಡು ಸಲ ಹಾಕಿಸಿಕೊಂಡರು ಅಂತ ಒಬ್ಬ ನೆನಪಿಸಿದ. ಹಾಕಿಸಿಕೊಂಡರು, ಆದರೆ ಎರಡನೇದನ್ನು ಎಲೆಯಲ್ಲೇ ಬಿಟ್ಟರು, ನಾನೇ ಕಣ್ಣಾರೆ ಕಂಡೆ ಅಂತ ಇನ್ನೊಬ್ಬ ಸಾಕ್ಷಿ ನುಡಿದ. ಒಂದು ದೇಶದ ಸಂವಿಧಾನಕ್ಕೆ ಇಷ್ಟು ಎಚ್ಚರಿಕೆ ಸಾಕು. ಕೊನೆಗೆ ಶಾವಿಗೆ ಅಂತಾಯಿತು, ತೆಳ್ಳಗಿರಬೇಕು ಅನ್ನುವ ಷರತ್ತಿನ ಮೇಲೆ. ನಾನು ದುಂಡಗೆ ಬರೆದುಕೊಂಡೆ.

ಆಮೇಲೆ ಅಡುಗೆಯವನು ಕೇಳಿದ, "ತಲೆ ಎಷ್ಟು ಸಾರ್?"

"ಗಂಡಸ್ರು ನೂರಿಪ್ಪತ್ತು ಅಂತ ಇಟ್ಕೊ," ಅಂದರು ಅಧ್ಯಕ್ಷರು.

"ಹೆಂಗಸ್ರು ಬರ್ತಾರಾ?"

"ಈ ಸಲ ಮೂವತ್ತಾರು ಜನ ಬರ್ತಾರೆ ಕಣಯ್ಯ," ಅಂದೆ ನಾನು.

"ಹಂಗಾದ್ರೆ ಹದಿನೆಂಟು," ಅಂದುಕೊಂಡು ಬರೆದುಕೊಂಡ.

ನಾನು ಗಣಿತದವನು. "ಮೂವತ್ತಾರು ಹದಿನೆಂಟು ಹೆಂಗಾಯ್ತು?"

"ಹೆಂಗಸ್ರಿಗೆ ಅರ್ಧ ಎಲೆ ಅಲ್ವಾ ಸಾರ್. ನಮ್ಮಪ್ಪನ ಕಾಲದಿಂದ್ಲೂ ಅದೇ ಲೆಕ್ಕ. ಗಂಡಸಿಗೆ ಎರಡು ಮುದ್ದೆ, ಹೆಂಗಸಿಗೆ ಒಂದು."

"ಒಂದೇ ತಿಂತಾರೆ ಅಂತ ಯಾರು ಹೇಳಿದ್ರು?"

"ಯಾರು ಯಾಕೆ ಹೇಳ್ಬೇಕು, ನಾನೇ ನೋಡಿದೀನಿ. ಇಪ್ಪತ್ತು ವರ್ಷದಿಂದ ಬಡಿಸ್ತಿದೀನಿ. ಕಡೇ ಪಂಕ್ತೀಲಿ ಹೆಂಗಸ್ರಿಗೆ ಒಂದಕ್ಕಿಂತ ಜಾಸ್ತಿ ಬಡಿಸಿದ್ದೇ ಇಲ್ಲ. ಅವರೂ ಕೇಳಿಲ್ಲ."

ಅವನ ಮಾತಿನಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಕಡೆಯ ಪಂಕ್ತಿಯ ಹೊತ್ತಿಗೆ ಉಳಿದಿರುತ್ತಿದ್ದದ್ದೇ ತಲೆಗೊಂದು. ಉಳಿದದ್ದನ್ನು ಉಂಡರು, ಆದ್ದರಿಂದ ಅವರ ಹಸಿವು ಅಷ್ಟೇ, ಆದ್ದರಿಂದ ಅಷ್ಟೇ ಮಾಡಬೇಕು, ಆದ್ದರಿಂದ ಅಷ್ಟೇ ಉಳಿಯುತ್ತದೆ. ಇಂಥ ಸಾಧನೆಯನ್ನು ಹತ್ತನೇ ತರಗತಿಯ ಹುಡುಗ ಉತ್ತರಪತ್ರಿಕೆಯಲ್ಲಿ ಬರೆದಿದ್ದರೆ ಕೆಂಪು ಶಾಯಿಯಲ್ಲಿ ಗೀಚಿ ಎಸೆಯುತ್ತಿದ್ದೆ. ಅಲ್ಲಿ ಏನು ಮಾಡಿದೆ? "ಹಂಗಲ್ಲಯ್ಯ, ಈ ಸಲ ಪೂರ್ತಿ ಹಾಕು," ಅಂದೆ, ಒಂದೇ ಸಲ. "ಸುಮ್ನಿರ್ರೀ ಮೇಷ್ಟ್ರೇ, ಮುದ್ದೆ ಮಿಕ್ಕಿದ್ರೆ ಏನ್ಮಾಡೋದು, ನಿಮ್ಮನೆಗೆ ಕಳಿಸ್ಲಾ?" ಅಂದರು ಅಧ್ಯಕ್ಷರು. ಎಲ್ಲರೂ ನಕ್ಕರು. ಹೊಟ್ಟೆ ಹಸಿದಿತ್ತು, ನಾನೂ ನಕ್ಕೆ. ಪಾಯಸಕ್ಕೆ ಎರಡೂಮುಕ್ಕಾಲು ಗಂಟೆ, ಮೂವತ್ತಾರು ಹೆಂಗಸರಿಗೆ ಅರ್ಧ ನಿಮಿಷ. ಪಟ್ಟಿಯ ಕೆಳಗೆ ರುಜು ಹಾಕಿದವನು ನಾನೇ.

ಆ ಮೂವತ್ತಾರು ಜನ ಯಾರು ಅಂತ ಹೇಳಬೇಕು. ರಾಯಲ್ಪಾಡಿನ ಕಡೆ, ಆಂಧ್ರದ ಗಡಿಗೆ ಅಂಟಿಕೊಂಡ ಒಂದು ಹಳ್ಳಿಯವರು. ಮನೆಯಲ್ಲಿ ತೆಲುಗು, ನನ್ನ ಹತ್ತಿರ ಕನ್ನಡ. ಅವರನ್ನು ಒಟ್ಟು ಮಾಡಿದವಳು ನನ್ನ ಹಳೆ ವಿದ್ಯಾರ್ಥಿನಿ. ಓದುವ ಕಾಲದಲ್ಲಿ ಹಿಂದಿನ ಬೆಂಚಿನಲ್ಲಿ ಕೂತು, ಬೋರ್ಡಿನ ಮೇಲೆ ನಾನು ತಪ್ಪು ಮಾಡಿದರೆ ಮಾತ್ರ ಕೈ ಎತ್ತುತ್ತಿದ್ದ ಹುಡುಗಿ. ಈಗ ನಲವತ್ತು ದಾಟಿದ್ದಾಳೆ. ಗಂಡ ಟೊಮೇಟೊ ಮಂಡಿಗೆ ಟೆಂಪೋ ಓಡಿಸುತ್ತಾನೆ. ಹುಳದ ಮನೆ ಪೂರ್ತಿ ಅವಳದು. ಸೊಪ್ಪು ಕತ್ತರಿಸುವುದು, ಹಾಕುವುದು, ಹಿಕ್ಕೆ ತೆಗೆಯುವುದು, ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಹುಳ ಏರಿಸುವುದು, ಎಲ್ಲ ಅವಳೇ. ಆದರೆ ಜಮೀನು ಗಂಡನ ಹೆಸರಲ್ಲಿ, ಆದ್ದರಿಂದ ಸಂಘದ ಸದಸ್ಯ ಗಂಡ.

ಹಿಂದಿನ ವರ್ಷ ಅವಳ ಹುಳಕ್ಕೆ ಹಾಲುತೊಂಡೆ ರೋಗ ಬಿತ್ತು. ಸಂಘದಿಂದ ನೋಡಲು ಹೋದ ತಜ್ಞರು ಸದಸ್ಯರೆಲ್ಲಿ ಅಂತ ಕೇಳಿದರು. ಸದಸ್ಯರು ಚಿತ್ತೂರಿನ ದಾರಿಯಲ್ಲಿ ಟೆಂಪೋದಲ್ಲಿದ್ದರು. "ಸದಸ್ಯರು ಬಂದ ಮೇಲೆ ಫೋನ್ ಮಾಡ್ಸಮ್ಮ," ಅಂತ ಬಾಗಿಲಿಂದಲೇ ತಿರುಗಿದರು. ಮೂರು ದಿನ ಕಳೆದು ಸದಸ್ಯರು ಬರುವಷ್ಟರಲ್ಲಿ ಅವಳು ಹುಳವನ್ನೆಲ್ಲ ಬುಟ್ಟಿ ಬುಟ್ಟಿಯಾಗಿ ಗುಂಡಿಗೆ ಸುರಿದು ಸುಣ್ಣ ಹಾಕಿ ಮುಚ್ಚಿದ್ದಳು. ಅದನ್ನು ನನಗೆ ಹೇಳುವಾಗ ಅವಳು ಅಳಲಿಲ್ಲ. "ಸಾರ್, ಹುಳ ಸಾಕೋರು ಸದಸ್ಯರಾಗ್ಬೇಕಾ, ಪಹಣಿ ಸಾಕೋರು ಆಗ್ಬೇಕಾ?" ಅಂದಳು. ನಾನು ಬೈಲಾ ತಿದ್ದುಪಡಿಗೆ ಓಡಾಡಿದೆ. ಹುಳ ಸಾಕುವವರು ಯಾರೇ ಆದರೂ ಸದಸ್ಯರಾಗಬಹುದು ಅಂತಾಯಿತು. ಆದರೆ ಒಂದು ಕಟ್ಟುಪಾಡು. ಹೊಸ ಸದಸ್ಯರು ಸರ್ವಸದಸ್ಯರ ಸಭೆಯಲ್ಲಿ, ಎಲ್ಲರೆದುರು, ತಾವೇ ಬಂದು ಪುಸ್ತಕಕ್ಕೆ ರುಜು ಹಾಕಬೇಕು.

ಹುಳ ಸಾಕುವ ಮನೆಯಿಂದ ಹೆಂಗಸು ಒಂದು ದಿನ ಹೊರಗೆ ಬರುವುದು ಏನೆಂದು ಗೊತ್ತಿಲ್ಲದವರಿಗೆ ಹೇಳುತ್ತೇನೆ. ಹುಳಕ್ಕೆ ಭಾನುವಾರವಿಲ್ಲ. ಹೊತ್ತು ಹೊತ್ತಿಗೆ ಸೊಪ್ಪು ಬೀಳಲೇಬೇಕು. ಬಿಡುವು ಸಿಗುವುದು ಹುಳ ಪೊರೆ ಬಿಡಲು ತಲೆ ಎತ್ತಿ ಅಲ್ಲಾಡದೆ ಕೂರುವಾಗ ಮಾತ್ರ. ಅದಕ್ಕೆ ನಮ್ಮಲ್ಲಿ ಜ್ವರ ಅನ್ನುತ್ತಾರೆ. ಜ್ವರಕ್ಕೆ ಕೂತ ಹುಳ ತಿನ್ನುವುದಿಲ್ಲ. ಅವಳು ಏನು ಮಾಡಿದಳೆಂದರೆ, ಸಭೆಯ ನೋಟೀಸು ತಲುಪಿದ ದಿನವೇ ಬೆರಳು ಮಡಚಿ ಎಣಿಸಿ, ಮೂವತ್ತಾರು ಮನೆಗೂ ಒಂದೇ ದಿನ ಚಾಕಿ ಹುಳ, ಅಂದರೆ ಎಳೆ ಮರಿ, ಇಳಿಯುವ ಹಾಗೆ ಮಾಡಿದಳು. ಸಭೆಯ ಹಿಂದಿನ ಸಂಜೆ ಊರಿನ ಹುಳವೆಲ್ಲ ಒಟ್ಟಿಗೆ ನಾಲ್ಕನೇ ಜ್ವರಕ್ಕೆ ಕೂತಿತು. ಸಭೆಯ ದಿನ ಸಂಜೆ ಕತ್ತಲಾಗುವ ಹೊತ್ತಿಗೆ ಏಳುತ್ತದೆ, ಎದ್ದ ಕೂಡಲೇ ಸೊಪ್ಪು ಕೇಳುತ್ತದೆ. ಅಷ್ಟರೊಳಗೆ ಹೋಗಿ ಬಂದುಬಿಡಬೇಕು. ಲಕ್ಷಾಂತರ ಹುಳದ ಊಟದ ವೇಳೆಯನ್ನು ಹೀಗೆ ಹೊಂದಿಸಿದವಳು ಒಬ್ಬಳು. ನೂರೈವತ್ತಾರು ಮನುಷ್ಯರ ಊಟ ಹೊಂದಿಸಲು ನಾವು ಒಂದು ಉಪಸಮಿತಿ.

ಹಿಂದಿನ ದಿನ ಫೋನ್ ಮಾಡಿದ್ದಳು. "ಸಾರ್, ಆರು ಗಂಟೆಗೆ ಹೊರಡ್ತೀವಿ. ಎರಡೂವರೆ ಬಸ್ಸು ತಪ್ಪಿದ್ರೆ ಆಮೇಲೆ ಐದಕ್ಕೇ. ಅದಕ್ಕೆ ಬಂದ್ರೆ ಹುಳ ಉಪವಾಸ. ಊಟ ಇರ್ತದಲ್ಲಾ? ಬುತ್ತಿ ಕಟ್ಕೊಳ್ಳಿ ಅನ್ಲಾ ಇವರಿಗೆ?"

"ಯಾಕಮ್ಮ ಬುತ್ತಿ, ನಾನಿದೀನಲ್ಲ," ಅಂದೆ.

ಸಭೆಯ ದಿನ ಛತ್ರದಲ್ಲಿ ಒಂಬತ್ತೂವರೆಗೇ ಅವರು ಹಿಂದಿನ ಸಾಲುಗಳಲ್ಲಿ ಬಂದು ಕೂತಿದ್ದರು. ಹೊಸ ಸದಸ್ಯತ್ವ ಕಾರ್ಯಸೂಚಿಯಲ್ಲಿ ನಾಲ್ಕನೇ ವಿಷಯ. ಹನ್ನೊಂದೂವರೆಗೆ ಮುಗಿಯಬೇಕಿತ್ತು. ಆದರೆ ಉದ್ಘಾಟನೆಗೆ ಕರೆದಿದ್ದ ಮುಖಂಡರು ಒಂದು ಗಂಟೆ ತಡವಾಗಿ ಬಂದು ಒಂದೂವರೆ ಗಂಟೆ ಮಾತಾಡಿದರು. ಮಹಿಳೆಯೇ ಈ ಕಸುಬಿನ ಬೆನ್ನೆಲುಬು ಅಂದರು. ಚಪ್ಪಾಳೆ ಬಿತ್ತು. ಬೆನ್ನೆಲುಬು ಹಿಂದಿನ ಸಾಲಿನಲ್ಲಿ ಕೂತು ಗಡಿಯಾರ ನೋಡುತ್ತಿತ್ತು. ಒಂದು ಗಂಟೆಗೆ ಅಧ್ಯಕ್ಷರು, "ಉಳಿದ ವಿಷಯ ಊಟ ಆದ್ಮೇಲೆ," ಅಂತ ಮೈಕಿನಲ್ಲಿ ಸಾರಿದರು.

ನಾನು ಹತ್ತಿರ ಹೋಗಿ ಕಿವಿಯಲ್ಲಿ ಹೇಳಿದೆ. "ಸ್ವಾಮಿ, ಅವರ ರುಜು ಹತ್ತು ನಿಮಿಷದ ಕೆಲಸ. ಮುಗಿಸಿಬಿಡೋಣ. ಬಸ್ಸಿದೆ ಅವರಿಗೆ."

"ಮುಖಂಡರು ಹಸಿದವ್ರೆ ಕಣ್ರೀ," ಅಂದರು. ಒಂದೂವರೆ ಗಂಟೆ ಮಾತಾಡಿದವರು ಹಸಿಯದೆ ಇರುತ್ತಾರೆಯೇ?

ಮೊದಲ ಪಂಕ್ತಿಯಲ್ಲಿ ಮುಖಂಡರು, ಅವರ ಜೊತೆ ಯಾವ ಲೆಕ್ಕದಲ್ಲೂ ಇಲ್ಲದ ನಲವತ್ತು ಜನ. ಎರಡನೇ ಪಂಕ್ತಿಯಲ್ಲಿ ಗಂಡಸು ಸದಸ್ಯರು. ನಾನು ಹೆಂಗಸರನ್ನು ಎರಡನೇದಕ್ಕೆ ಎಬ್ಬಿಸಲು ಹೊರಟಿದ್ದೆ. ಖಜಾಂಚಿ ನನ್ನ ರಟ್ಟೆ ಹಿಡಿದು ಎಲೆ ಮುಂದೆ ಕೂರಿಸಿದ. "ಕಾರ್ಯದರ್ಶಿ ನಿಂತ್ಕೊಂಡ್ರೆ ಜನ ಹೆಂಗೆ ಉಣ್ತಾರೆ ಮೇಷ್ಟ್ರೇ? ಐದು ನಿಮಿಷ. ಅವ್ರಿಗೆ ಮೂರನೇದು ಇದ್ದೇ ಐತೆ." ನಾನು ಕೂತೆ. ಹಿತಕಿದ ಬೇಳೆ ಸಾರು ಬಹಳ ಚೆನ್ನಾಗಿತ್ತು. ಈ ವಾಕ್ಯ ಬರೆಯುವಾಗ ನನಗೆ ನನ್ನ ಮೇಲೇ ಅಸಹ್ಯವಾಗುತ್ತದೆ. ಆದರೂ ಚೆನ್ನಾಗಿತ್ತು. ಪಾಯಸ ಷರತ್ತಿನ ಪ್ರಕಾರ ತೆಳ್ಳಗಿತ್ತು. ಎರಡನೇ ಸಲ ಹಾಕಿಸಿಕೊಂಡದ್ದು ಎಲೆಯಲ್ಲಿ ಹರಿಯುತ್ತಿರುವಾಗ ಅಡುಗೆಮನೆಯಿಂದ ಖಾಲಿ ಹಂಡೆ ಕೆರೆಯುವ ಸದ್ದು ಕೇಳಿತು.

ಎದ್ದು ಹೋದೆ. ಅಡುಗೆಯವನು ಹೊಸದಾಗಿ ಎಸರಿಡುತ್ತಿದ್ದ.

"ಏನಯ್ಯಾ ಇದು?"

"ಅರ್ಧ ಗಂಟೆ ಕೊಡಿ ಸಾರ್, ಅನ್ನ ಮಾಡಿ ಕೊಡ್ತೀನಿ. ಮುದ್ದೆ ಆಗಲ್ಲ, ಹಿಟ್ಟಿಲ್ಲ. ಮೊದಲ್ನೇ ಪಂಕ್ತಿಯೋರು ಎಲ್ಲಿಂದ ಬಂದ್ರೋ, ಮೂರು ಮೂರು ಮುದ್ದೆ ತಿಂದ್ರು."

ಆಗ ಎರಡು ಗಂಟೆ ಹತ್ತು ನಿಮಿಷ.

ಹೆಂಗಸರು ಊಟದ ಮನೆಯ ಹೊರಗೆ, ನೀರಿನ ಡ್ರಮ್ಮಿನ ಪಕ್ಕ ಗೋಡೆಗೆ ಒರಗಿ ನಿಂತಿದ್ದರು. ನನ್ನ ವಿದ್ಯಾರ್ಥಿನಿ ನನ್ನ ಮುಖ ನೋಡಿದಳು. ನನ್ನ ಬಲಗೈ ಇನ್ನೂ ಎಂಜಲು. ಅದನ್ನು ಹಿಂದಕ್ಕೆ ಇಟ್ಟುಕೊಂಡೆ.

"ಊಟ ಬಿಡಿ ಸಾರ್. ರುಜು ಹಾಕಿಸ್ಕೊಳ್ಳಿ, ಹೋಗ್ತೀವಿ," ಅಂದಳು.

ಅಧ್ಯಕ್ಷರ ಹತ್ತಿರ ಓಡಿದೆ. ಅವರು ಮುಖಂಡರಿಗೆ ಬೀಡಾ ಕೊಡುತ್ತಿದ್ದರು. "ಸಭೆ ಮೂರಕ್ಕೆ ಅಂತ ಹೇಳಾಯ್ತಲ್ರೀ. ಸಭೆ ಸೇರದೆ ರುಜು ಹಾಕಿಸಿದ್ರೆ ಬೈಲಾ ಪ್ರಕಾರ ಅದು ಊರ್ಜಿತ ಅಲ್ಲ, ನೀವೇ ಬರೆದಿರೋದು," ಅಂದರು. ನಾನೇ ಬರೆದದ್ದು, ಅದೂ ದುಂಡಗೆ.

ವಾಪಸ್ಸು ಬಂದಾಗ ಖಜಾಂಚಿ ಕೈ ತೊಳೆದು ಹಲ್ಲಿಗೆ ಕಡ್ಡಿ ಹಾಕುತ್ತಾ, ನನ್ನ ಹತ್ತಿರ ಹೇಳುವ ಹಾಗೆ, ಹೆಂಗಸರಿಗೂ ಕೇಳಿಸಲಿ ಅಂತ ಜೋರಾಗಿ ಅಂದ. "ಬೆಳಗ್ಗೆಯಿಂದ ಊಟದ ಬಾಗಿಲೇ ಕಾಯ್ತವ್ರೆ ನೋಡ್ರಿ. ಸಂಘ ಗಿಂಘ ಎಲ್ಲಾ ನೆಪ. ಊಟಕ್ಕೇ ಬಂದವ್ರೆ."

ನನ್ನ ವಿದ್ಯಾರ್ಥಿನಿ ಅವನನ್ನು ನೋಡಲಿಲ್ಲ. ಹಿಂದೆ ತಿರುಗಿ, "ಪದಂಡಿ ಪೋದಾಂ, ನಡೀರಿ ಹೋಗೋಣ, ಹುಳ ಏಳೋ ಹೊತ್ತಾಯ್ತು," ಅಂದಳು. ಮೂವತ್ತಾರು ಜನ ಚಪ್ಪಲಿ ಹುಡುಕಿಕೊಂಡು ರಸ್ತೆಯಾಚೆ ಬಸ್ಸು ನಿಲ್ಲುವ ಕಡೆ ನಡೆದರು. ಬೆಳಗ್ಗೆ ಆರಕ್ಕೆ ಮನೆ ಬಿಟ್ಟವರು. ಅರ್ಧ ಲೋಟ ಕಾಫಿ ಬಿಟ್ಟರೆ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ.

ಮೂರು ಗಂಟೆಗೆ ಸಭೆ ಸೇರಿತು. ನಾಲ್ಕನೇ ವಿಷಯ ಬಂದಾಗ ಅಧ್ಯಕ್ಷರು ಸುತ್ತ ನೋಡಿ, "ಎಲ್ಲಿ ನಿಮ್ಮ ಮಹಿಳೆಯರು?" ಅಂದರು. ಆಮೇಲೆ ನನಗೆ ಬರೆದುಕೊಳ್ಳಲು ಹೇಳಿದರು: ಅರ್ಜಿದಾರ ಮಹಿಳೆಯರು ಮಧ್ಯಾಹ್ನದ ಸಭೆಗೆ ಗೈರುಹಾಜರಾದ ಕಾರಣ ವಿಷಯವನ್ನು ಮುಂದಿನ ವರ್ಷಕ್ಕೆ ಮುಂದೂಡಲಾಗಿದೆ.

ಗೈರುಹಾಜರಾದ ಕಾರಣ! ಇಪ್ಪತ್ತೆಂಟು ವರ್ಷ ಹಾಜರಿ ಹಾಕಿದವನು ನಾನು. ಗೈರುಹಾಜರಿ ಅಂದರೆ ಏನು ಅಂತ ನನಗೆ ಗೊತ್ತು. ಮಕ್ಕಳನ್ನು ಬಾಗಿಲಿಂದ ಹೊರಗೆ ದಬ್ಬಿ ಗೈರು ಅಂತ ಬರೆಯುವ ಮೇಷ್ಟ್ರನ್ನು ನಾನು ಕಂಡಿಲ್ಲ. ನಾನು ಬರೆದೆ: "ಅರ್ಜಿದಾರರಾದ ಮೂವತ್ತಾರು ಮಹಿಳೆಯರು ಬೆಳಗ್ಗೆ ಒಂಬತ್ತೂವರೆಯಿಂದ ಎರಡು ಗಂಟೆ ಹತ್ತು ನಿಮಿಷದವರೆಗೆ ಹಾಜರಿದ್ದು, ಸಂಘವು ಅವರಿಗೆ ಊಟವನ್ನಾಗಲಿ ಸರದಿಯನ್ನಾಗಲಿ ಕೊಡದ ಕಾರಣ ಹಿಂತಿರುಗಿದರು." ಓದಿ ಹೇಳಿದೆ. ಅಧ್ಯಕ್ಷರು ಅದಕ್ಕೆ ರುಜು ಹಾಕುವುದಿಲ್ಲ ಅಂದರು. ನಾನು ಅಳಿಸುವುದಿಲ್ಲ ಅಂದೆ. ರುಜುವಿಲ್ಲದೆ ಆ ದಿನದ ಯಾವ ತೀರ್ಮಾನವೂ ನಿಲ್ಲುವುದಿಲ್ಲ, ಅಧ್ಯಕ್ಷರು ಎರಡನೇ ಅವಧಿಗೆ ಆಯ್ಕೆಯಾದದ್ದೂ ಸೇರಿ. ನಾಲ್ಕು ದಿನ ಅವರು ಫೋನ್ ಮಾಡಿದರು. ಮೊದಲು ಬೈದರು, ಆಮೇಲೆ ನನ್ನ ಆರೋಗ್ಯ ವಿಚಾರಿಸಿದರು.

ಈ ಪರಾಕ್ರಮವನ್ನು ಹೊತ್ತುಕೊಂಡು ನಾನು ಅವಳ ಊರಿಗೆ ಹೋದೆ. ಕೈಚೀಲದಲ್ಲಿ ಸದಸ್ಯತ್ವ ಪುಸ್ತಕ. ಮನೆ ಮನೆಯಲ್ಲೇ ರುಜು ಹಾಕಿಸಿಕೊಂಡು, ಮುಂದಿನ ಸಭೆಯಲ್ಲಿ ಹಾಕಿದ್ದೆಂದು ಸೇರಿಸಿಬಿಡುವುದು ನನ್ನ ಉಪಾಯ. ಕಾನೂನು ಮುರಿದು ನ್ಯಾಯ ಮಾಡುವ ಮಹಾಪುರುಷನ ಠೀವಿಯಲ್ಲಿ ಬಸ್ಸಿಳಿದೆ.

ಅವಳು ಹುಳದ ಮನೆಯಲ್ಲಿದ್ದಳು. ಹುಳ ದೊಡ್ಡದಾಗಿತ್ತು. ಸೊಪ್ಪು ತಿನ್ನುವ ಸದ್ದು ಹೊರಗಿನವರೆಗೆ ಸಣ್ಣ ಮಳೆ ಬಿದ್ದ ಹಾಗೆ ಕೇಳಿಸುತ್ತಿತ್ತು. ಹೊಸಲಿನಲ್ಲಿ ಕಾಲೊರೆಸಿಕೊಳ್ಳಲು ಸುಣ್ಣ, ಬ್ಲೀಚಿಂಗ್ ಪೌಡರ್ ಹಾಕಿದ ಗೋಣಿ. ಒಳಗಿಂದಲೇ, "ಅಲ್ಲೇ ಇರಿ ಸಾರ್, ಬರ್ತೀನಿ," ಅಂದಳು. ಮುಕ್ಕಾಲು ಗಂಟೆ ಅಂಗಳದಲ್ಲಿ ಕೂತೆ. ಕಾಯಿಸಬೇಕೆಂದು ಕಾಯಿಸಲಿಲ್ಲ. ಹುಳದ ಕೆಲಸ ಮುಗಿಯುವವರೆಗೆ ಅವಳು ಯಾರಿಗೂ ಬರುವವಳಲ್ಲ.

ಬಂದು ಕೈ ತೊಳೆದಳು. ನಾನು ಪುಸ್ತಕ ತೆಗೆದು ಉಪಾಯ ಹೇಳಿದೆ. ನಡಾವಳಿಯಲ್ಲಿ ಬರೆದದ್ದನ್ನೂ ಹೇಳಿದೆ, ಹೊಗಳುತ್ತಾಳೆ ಅಂತ.

"ಬರೆದ್ರಾ? ಒಳ್ಳೇದು," ಅಂದಳು. "ನೀವು ಊಟ ಮಾಡಿದ್ರಲ್ಲಾ ಸಾರ್ ಅವತ್ತು?"

"ಮಾಡಿದೆ ಕಣಮ್ಮ."

"ಗೊತ್ತು. ಕೈ ನೋಡಿದೆ." ಸೆರಗಿಗೆ ಕೈ ಒರೆಸಿಕೊಂಡಳು. "ನಮ್ಮ ಅತ್ತೆ ಅವತ್ತು ಬಸ್ಸಲ್ಲಿ ತಲೆ ತಿರುಗಿ ಬಿದ್ರು. ಶುಗರ್ ಐತೆ ಅವ್ರಿಗೆ. ಬುತ್ತಿ ಕಟ್ಕೊತೀನಿ ಅಂದಿದ್ರು, ಬೇಡ, ಮೇಷ್ಟ್ರು ಅವ್ರೆ ಅಂದೆ ನಾನು."

ಕ್ಷಮಿಸಮ್ಮ ಅಂದೆ. ಅದು ಬಹಳ ಚಿಕ್ಕ ಮಾತಾಗಿ ಹೊರಗೆ ಬಿತ್ತು. ಪುಸ್ತಕ ಮುಂದಕ್ಕೆ ತಳ್ಳಿದೆ.

ಅವಳು ಅದನ್ನು ಮುಚ್ಚಿ ವಾಪಸ್ಸು ತಳ್ಳಿದಳು. "ಇಲ್ಲಿ ಹಾಕಲ್ಲ ಸಾರ್. ಕದ್ದು ಯಾಕೆ ಹಾಕ್ಬೇಕು, ನಾವೇನು ಕದ್ದು ಸಾಕ್ತೀವಾ ಹುಳಾನ? ಎಲ್ಲರೆದುರು ಹಾಕ್ತೀವಿ. ಇನ್ನೊಂದು ಸಭೆ ಕರೀರಿ. ದಿನ ನಾವು ಹೇಳ್ತೀವಿ. ಮೊದಲ್ನೇ ವಿಷಯ ನಮ್ದೇ ಇರ್ಬೇಕು. ಒಂದು ಗಂಟೆ ಬಸ್ಸಿಗೆ ನಾವು ವಾಪಸ್ಸು."

ಅಧ್ಯಕ್ಷರು ಕುಣಿದಾಡಿದರು. "ಹುಳಕ್ಕೆ ಜ್ವರ ಬಂದ ದಿನ ನೋಡ್ಕೊಂಡು ನಾವು ಸಭೆ ಮಾಡ್ಬೇಕೇನ್ರೀ? ನಾಳೆ ಹುಳಾನೇ ಅಧ್ಯಕ್ಷ ಆಗ್ಲಿ ಅಂತೀರಿ!" ಆದರೆ ಅವರ ಅಧ್ಯಕ್ಷಗಿರಿ ನನ್ನ ಪುಸ್ತಕದಲ್ಲಿ ರುಜುವಿಲ್ಲದೆ ನೇತಾಡುತ್ತಿತ್ತು. ವಿಶೇಷ ಸಭೆ ಕರೆದು ಇದನ್ನು ಸರಿಪಡಿಸಲಾಗುವುದು ಅಂತ ಆ ಸಾಲಿನ ಕೆಳಗೆ ಸೇರಿಸುತ್ತೇನೆ ಅಂದೆ, ಒಪ್ಪಿ ರುಜು ಹಾಕಿದರು. ಮುಂದಿನ ಬೆಳೆಯ ನಾಲ್ಕನೇ ಜ್ವರದ ದಿನಕ್ಕೆ ವಿಶೇಷ ಸಭೆ ಕರೆದೆ. ಅಡುಗೆಯವನನ್ನು ನಾನೇ ಕೂರಿಸಿಕೊಂಡೆ. ಉಪಸಮಿತಿಗೆ ತಿಳಿಸಲಿಲ್ಲ. ತಲೆಗೊಂದು ಎಲೆ, ಎಲೆಗೆ ಎರಡು ಮುದ್ದೆ, ಹನ್ನೆರಡು ಗಂಟೆಗೆ ಹೆಂಗಸರ ಪಂಕ್ತಿ, ಆಮೇಲೆ ಉಳಿದ ಪ್ರಾಣಿಗಳು. ಅವನು ತಲೆ ಕೆರೆದುಕೊಂಡ, ಬರೆದುಕೊಂಡ.

ಆ ದಿನ ಹತ್ತೂವರೆಗೆ ಸಭೆ. ಮೊದಲನೇ ವಿಷಯ. ನಾನು ಹೆಸರು ಕೂಗಿದೆ, ಒಬ್ಬೊಬ್ಬರೇ ಮುಂದೆ ಬಂದು ರುಜು ಹಾಕಿದರು. ಕೆಲವರು ಹೆಬ್ಬೆಟ್ಟು. ನನ್ನ ವಿದ್ಯಾರ್ಥಿನಿಯ ಅತ್ತೆ ಪೆನ್ನು ಹಿಡಿದು ಐದು ನಿಮಿಷ ತೆಗೆದುಕೊಂಡರು. ತೆಲುಗಿನಲ್ಲಿ ಬರೆದರು. ಯಾವ ಭಾಷೆ ಅಂತ ಬೈಲಾದಲ್ಲಿ ಇಲ್ಲ. ಸಭೆ ಪೂರ್ತಿ ಮೌನವಾಗಿ ಕಾಯಬೇಕಾಯಿತು. ನನಗೆ ಆ ಐದು ನಿಮಿಷ ಬಹಳ ಹಿಡಿಸಿತು.

ಹನ್ನೆರಡಕ್ಕೆ ಅಡುಗೆಯವನು ಬಾಗಿಲಲ್ಲಿ ಬಂದು ನಿಂತು, "ಹೆಣ್ಮಕ್ಕಳು ಏಳ್ಬೇಕಮ್ಮಾ ಊಟಕ್ಕೆ," ಅಂತ ಕೂಗಿದ. ಒಳಗೆ ಮೂವತ್ತಾರು ಎಲೆ ಹಾಸಿ, ನೀರು ಚಿಮುಕಿಸಿ, ಉಪ್ಪು, ಉಪ್ಪಿನಕಾಯಿ ಬಡಿಸಿ ಆಗಿತ್ತು. ಮುದ್ದೆಯ ಹಬೆ ಸಭೆ ನಡೆದ ಹಜಾರದವರೆಗೆ ಬರುತ್ತಿತ್ತು.

ಅವರು ಎದ್ದರು, ಆದರೆ ಊಟದ ಮನೆ ಕಡೆ ಹೋಗಲಿಲ್ಲ.

ನಾನು ಹಿಂದೆ ಓಡಿದೆ. "ಏನಮ್ಮಾ ಇದು, ಎಲೆ ಹಾಕಿದೆ. ಈ ಸಲ ನಾನೇ ನಿಂತು ಮಾಡಿಸಿದೀನಿ."

"ನಿಮ್ಮ ಮೇಲೆ ಕೋಪ ಇಲ್ಲ ಸಾರ್," ಅಂದಳು. "ಊಟಕ್ಕೇ ಬಂದವ್ರೆ ಅಂದ್ರಲ್ಲ ಅವತ್ತು. ರುಜುಗೆ ಬಂದಿದ್ವಿ. ಆಯ್ತು, ಹೋಗ್ತೀವಿ." ಅತ್ತೆಯ ಕೈ ಹಿಡಿದುಕೊಂಡು ಮೆಟ್ಟಿಲಿಳಿದಳು. ಛತ್ರದ ಎದುರು ರಸ್ತೆಯಾಚೆ ಹೊಂಗೆ ಮರದ ಕೆಳಗೆ ಬಸ್ಸು ನಿಲ್ಲುವ ಜಾಗ. ಅಲ್ಲಿ ಹೋಗಿ ಕೂತು ಬುತ್ತಿ ಬಿಚ್ಚಿದರು. ಎಲ್ಲರೂ ಬುತ್ತಿ ಕಟ್ಟಿಕೊಂಡೇ ಬಂದಿದ್ದರು.

ನಾನು ಒಳಗೆ ಬಂದಾಗ ಅಧ್ಯಕ್ಷರು ಊಟದ ಮನೆ ಬಾಗಿಲಲ್ಲಿ ನಿಂತಿದ್ದರು. "ಕೊಬ್ಬು. ಹೋಗ್ಲಿ ಬಿಡಿ," ಅಂದರು. "ಎಲೆ ಹಾಕಾಗೈತೆ, ಯಾಕೆ ಒಣಗಿಸೋದು? ಕೂತ್ಕೊಳ್ರಪ್ಪ, ಕೂತ್ಕೊಳ್ಳಿ." ಹೇಳಿ ತಾವೇ ಮೊದಲು ಕೂತರು. ಖಜಾಂಚಿ ಪಕ್ಕದಲ್ಲಿ ಕೂತು ಉಪ್ಪಿನಕಾಯಿ ನೆಕ್ಕಿದ. ಮೂವತ್ತಾರು ಎಲೆಗೂ ಗಂಡಸರು ಎರಡು ನಿಮಿಷದಲ್ಲಿ ತುಂಬಿಕೊಂಡರು. ಅಡುಗೆಯವನು ಮುದ್ದೆ ಬುಟ್ಟಿ ಹಿಡಿದು ನನ್ನ ಮುಖ ನೋಡಿದ.

ಆಗ ನನ್ನೊಳಗಿಂದ ಒಂದು ಧ್ವನಿ ಬಂತು. ನಿವೃತ್ತಿಯ ದಿನ ಶಾಲೆಯಲ್ಲೇ ಬಿಟ್ಟು ಬಂದೆ ಅಂದುಕೊಂಡಿದ್ದ ಧ್ವನಿ.

"ಏಳ್ರೋ ಮೇಲೆ!"

ಎದ್ದರು. ದೇವರಾಣೆಗೂ ಎದ್ದರು. ಐವತ್ತು ವರ್ಷದ ಗಂಡಸರು, ಮೊಮ್ಮಕ್ಕಳಿರುವವರು, ಎರಡು ಸಲ ಪಂಚಾಯ್ತಿ ಗೆದ್ದವರು, ನನ್ನ ಹಳೆ ಶಿಷ್ಯರೆಲ್ಲ ಕಾಲಿನ ಕೆಳಗೆ ಸ್ಪ್ರಿಂಗ್ ಇದ್ದ ಹಾಗೆ ಎದ್ದು ಕೈಕಟ್ಟಿ ನಿಂತರು. ಖಜಾಂಚಿಯೂ ನನ್ನ ಶಿಷ್ಯನೇ. ಬೆರಳಲ್ಲಿ ಉಪ್ಪಿನಕಾಯಿ ಹಾಗೇ ಇತ್ತು. ಶಿಷ್ಯರಲ್ಲದವರು ಅವರನ್ನು ನೋಡಿ ಎದ್ದರು. ಅಧ್ಯಕ್ಷರು ಮಾತ್ರ ನನಗಿಂತ ಹಿರಿಯರು, ನನ್ನ ಹತ್ತಿರ ಓದಿದವರಲ್ಲ. ಅವರೊಬ್ಬರೇ ಕೂತಿದ್ದರು. ಸುತ್ತಲೂ ನಿಂತ ಕಾಲುಗಳ ಮಧ್ಯೆ ಕೂತವರಿಗೆ ಎಲೆಗೆ ಕೈ ಹಾಕಲೂ ಆಗಲಿಲ್ಲ, ಎದ್ದೇಳಲೂ ಆಗಲಿಲ್ಲ.

ಭಾಷಣ ಮಾಡುವಷ್ಟು ಉಸಿರಿರಲಿಲ್ಲ. ಕಿಟಕಿಯ ಹತ್ತಿರ ಹೋಗಿ ನಿಂತೆ. ಹೊಂಗೆ ಮರದ ಕೆಳಗೆ ಅವರು ಉಣ್ಣುತ್ತಿದ್ದರು. ಒಬ್ಬರ ಬುತ್ತಿಗೆ ಇನ್ನೊಬ್ಬರು ಕೈ ಹಾಕುತ್ತಿದ್ದರು, ಯಾರೋ ಏನೋ ಹೇಳಿದ್ದಕ್ಕೆ ಎಲ್ಲರೂ ಜೋರಾಗಿ ನಗುತ್ತಿದ್ದರು. ಅತ್ತೆ ಎಲ್ಲರಿಗಿಂತ ಮೊದಲೇ ಉಂಡು ಮುಗಿಸಿ ಕೈ ತೊಳೆಯುತ್ತಿದ್ದರು.

"ಸಾರ್, ಮುದ್ದೆ ಆರ್ತಾ ಐತೆ," ಅಂತ ಹಿಂದಿನಿಂದ ಯಾರೋ ಮೆಲ್ಲಗೆ ಅಂದ.

"ಆರ್ಲಿ," ಅಂದೆ.

ಒಂದು ಗಂಟೆ ಬಸ್ಸು ಒಂದೂ ಹತ್ತಕ್ಕೆ ಬಂತು. ಮೂವತ್ತಾರು ಜನ ಹತ್ತಿದರು, ನಾನು ಎಣಿಸಿದೆ. ಬಸ್ಸು ಹೊರಟು ತಿರುವಿನಲ್ಲಿ ಹಾರನ್ ಹೊಡೆದ ಮೇಲೆ ತಿರುಗಿ, "ಕೂತ್ಕೊಳ್ಳಿ," ಅಂದೆ.